ಮರೆವು ಮತ್ತು ಆತುರ: ಎಡಿಎಚ್‌ಡಿ ಇರುವ ವಯಸ್ಕರಲ್ಲಿ ಇವೆರಡೂ ಒಂದೇ ಬೇರಿನವೇ?

ಪ್ರಶ್ನೆ (ಡೊಂಬಿವಲಿ):
ನನಗೆ 36 ವರ್ಷ. ನನಗೆ ಎಡಿಎಚ್‌ಡಿ (ಗಮನ ನಿಲ್ಲದಿರುವುದು, ಆತುರ, ಚಡಪಡಿಕೆ ಕಾಡುವ ಸ್ಥಿತಿ) ಇದೆಯೆಂದು ಮನೋವೈದ್ಯರು ಕಳೆದ ವರ್ಷ ತಿಳಿಸಿದರು. ಅಂಧೇರಿಯ ಕಚೇರಿಯಲ್ಲಿ ಮೇಲಧಿಕಾರಿ ನಾಲ್ಕು ಕೆಲಸ ಹೇಳಿದರೆ, ನನ್ನ ಮೇಜಿಗೆ ಮರಳುವಷ್ಟರಲ್ಲಿ ಎರಡು ಮಾತ್ರ ತಲೆಯಲ್ಲಿ ಉಳಿದಿರುತ್ತವೆ. ಮೀಟಿಂಗ್‌ನಲ್ಲಿ ಇನ್ನೊಬ್ಬರ ಮಾತು ಮುಗಿಯುವ ಮೊದಲೇ ನಡುವೆ ಬಾಯಿ ಹಾಕುತ್ತೇನೆ. ಸಂಜೆ ದಾದರ್‌ನಲ್ಲಿ ಗಾಡಿ ಬದಲಿಸಿ ಮನೆ ಸೇರುವವರೆಗೂ ಅದೇ ನೆನಪಾಗಿ ಸಂಕಟಪಡುತ್ತೇನೆ. ಇವೆರಡೂ ಬೇರೆ ಬೇರೆ ತೊಂದರೆಗಳೇ? ನೆನಪಿನ ಶಕ್ತಿ ಹೆಚ್ಚಿಸುತ್ತವೆಂದು ಹೇಳಿಕೊಳ್ಳುವ ಮೊಬೈಲ್ ಆಟಗಳಿಂದ ಪ್ರಯೋಜನವಿದೆಯೇ?

ಉತ್ತರ 1 (ಮಾಟುಂಗಾ, ಮನಶ್ಶಾಸ್ತ್ರ ಬೋಧಿಸುವವರು):
ಇವೆರಡೂ ಒಂದಕ್ಕೊಂದು ಹೆಣೆದುಕೊಂಡಿವೆ. ನೀವು ಹೇಳುವ ಮರೆವು ವರ್ಕಿಂಗ್ ಮೆಮೊರಿಗೆ ಸಂಬಂಧಿಸಿದ್ದು. ಅದೆಂದರೆ ಹಳೆಯ ನೆನಪುಗಳ ಉಗ್ರಾಣವಲ್ಲ, ಕೈಯಲ್ಲಿರುವ ಕೆಲಸ ಮುಗಿಯುವವರೆಗೆ ಬೇಕಾದ ಸಂಗತಿಗಳನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಂಡು ಬಳಸುವ ಸಾಮರ್ಥ್ಯ; 1974ರಲ್ಲಿ ಮನಶ್ಶಾಸ್ತ್ರಜ್ಞರಾದ ಬ್ಯಾಡಲಿ ಮತ್ತು ಹಿಚ್ ಅದರ ಪ್ರಸಿದ್ಧ ಮಾದರಿಯನ್ನು ಮುಂದಿಟ್ಟರು. ತನ್ನನ್ನು ತಡೆದುಕೊಳ್ಳುವ ಶಕ್ತಿಯ ಕೊರತೆಯೇ ಎಡಿಎಚ್‌ಡಿಯ ಮೂಲವೆಂದೂ, ವರ್ಕಿಂಗ್ ಮೆಮೊರಿ ಸೊರಗುವುದು ಅದರಿಂದಲೇ ಎಂದೂ ಮನಶ್ಶಾಸ್ತ್ರಜ್ಞ ರಸೆಲ್ ಬಾರ್ಕ್ಲಿ 1997ರಲ್ಲಿ ವಾದಿಸಿದರು. ನನ್ನ ಮಟ್ಟಿಗೆ ಹೇಳುವುದಾದರೆ, ಇದರ ತಿರುವುಮುರುವೂ ಅಷ್ಟೇ ನಿಜ: ಈಗಲೇ ಹೇಳದಿದ್ದರೆ ಮಾತು ಮರೆತೇಹೋಗುತ್ತದೆ ಎಂಬ ಭಯವೇ ಅನೇಕರನ್ನು ನಡುವೆ ಮಾತನಾಡಿಸುತ್ತದೆ. ಅದನ್ನು ಅಹಂಕಾರವೆಂದು ತಿಳಿಯುವುದು ಅನ್ಯಾಯ. ಇನ್ನು ಆಟಗಳ ವಿಚಾರ: ಆಡುತ್ತ ಹೋದರೆ ಆ ಆಟದಲ್ಲಿ ಪಳಗುತ್ತೀರಿ, ಆದರೆ ಆ ಲಾಭ ದಿನನಿತ್ಯದ ಕೆಲಸಕ್ಕೆ ಹರಿದುಬರುವುದು ತೀರಾ ಕಡಿಮೆ.

ಉತ್ತರ 2 (ಠಾಣೆ):
ನನಗೂ ಎಡಿಎಚ್‌ಡಿ ಇದೆ. ನೆನಪನ್ನು ತಲೆಯಿಂದ ಹೊರಗೆ, ಅದು ಬೇಕಾಗುವ ಜಾಗದಲ್ಲಿಯೇ ಇಡುವುದನ್ನು ಕಲಿತ ಮೇಲೆ ನನಗೆ ನೆಮ್ಮದಿ ಸಿಕ್ಕಿತು. ಅಂಗಿಯ ಜೇಬಿನಲ್ಲಿ ಅಂಗೈಯಗಲದ ಪುಸ್ತಕವೊಂದಿರುತ್ತದೆ. ಮೀಟಿಂಗ್‌ನಲ್ಲಿ ಏನಾದರೂ ಹೊಳೆದರೆ ಒಂದೇ ಒಂದು ಪದ ಬರೆದು, ಎದುರಿನವರ ಮಾತು ಮುಗಿಯುವವರೆಗೆ ಆ ಪದದ ಮೇಲೆ ಹೆಬ್ಬೆರಳು ಇಟ್ಟುಕೊಂಡಿರುತ್ತೇನೆ. ಮಾತು ಎಲ್ಲಿಗೂ ಹೋಗುವುದಿಲ್ಲ ಎಂಬ ಧೈರ್ಯ ಬಂದೊಡನೆ ನಾಲಿಗೆಯ ಆತುರವೂ ಇಳಿಯುತ್ತದೆ. ಮೇಲಧಿಕಾರಿ ಹೇಳಿದ್ದನ್ನು ಅಲ್ಲಿಯೇ ನಿಂತು ಮರಳಿ ಹೇಳಿ ಒಪ್ಪಿಸುತ್ತೇನೆ. ಖರೀದಿಯ ಆ್ಯಪ್‌ಗಳಿಂದ ಕಾರ್ಡಿನ ವಿವರಗಳನ್ನು ಅಳಿಸಿದ್ದೇನೆ, ಏಕೆಂದರೆ ಕಾರ್ಡು ತರಲು ಎದ್ದು ಹೋಗುವ ಆ ಅರ್ಧ ನಿಮಿಷದಲ್ಲಿ ಎಷ್ಟೋ ಆಸೆಗಳು ತಣ್ಣಗಾಗುತ್ತವೆ.

ಉತ್ತರ 3 (ಪುಣೆ):
ಔಷಧದ ವಿಷಯವನ್ನೂ ನಿಮ್ಮ ವೈದ್ಯರಲ್ಲಿ ಕೇಳಿರಿ. ಮೀಥೈಲ್‌ಫೆನಿಡೇಟ್ ಮತ್ತು ಆಟೊಮಾಕ್ಸೆಟಿನ್ ಅನೇಕ ವಯಸ್ಕರಿಗೆ ನೆರವಾಗುತ್ತವೆ, ಆದರೆ ರಕ್ತದೊತ್ತಡ ಮತ್ತು ನಾಡಿಬಡಿತದ ಮೇಲೆ ಕಣ್ಣಿಟ್ಟಿರಬೇಕಾಗುತ್ತದೆ. ನಿದ್ರೆ ಕಡಿಮೆಯಾದರೆ ಮರೆವು, ಆತುರ ಎರಡೂ ಹೆಚ್ಚುತ್ತವೆ. ಎಷ್ಟು ಗಂಟೆ ಮಲಗುತ್ತೀರಿ ಎಂಬುದನ್ನೂ ಅವರಿಗೆ ತಪ್ಪದೆ ಹೇಳಿರಿ.