ಮೊಮ್ಮಗನಿಗೆ 103 ಜ್ವರ, ಅಜ್ಜನಿಗೆ ಜ್ವರವೇ ಇಲ್ಲ: ಕೋವಿಡ್‌ನಲ್ಲಿ ಹಿರಿಯರನ್ನು ಗಮನಿಸುವುದು ಹೇಗೆ?

ಮನೆ ಆರೈಕೆ:
ವಯಸ್ಸಾದವರನ್ನು ನೋಡಿಕೊಳ್ಳುವ ಮನೆಯವರು ಗೋಡೆಗೆ ಅಂಟಿಸಿಕೊಳ್ಳಲು ಒಂದು ಹಾಳೆ ತಯಾರಾಗಬೇಕಿದೆ. ಸಿಗುವ ಚೀಟಿಗಳಲ್ಲೆಲ್ಲ ಜ್ವರ, ಕೆಮ್ಮು, ವಾಸನೆ ಹೋಗುವುದು ಅಂತ ಒಂದೇ ಪಟ್ಟಿ. 30ರ ಮೊಮ್ಮಗನಿಗೆ ಇವೆಲ್ಲ ಇರುತ್ತವೆ. ಅದೇ ಮನೆಯ 78ರ ಅಜ್ಜ ಎರಡು ದಿನದಿಂದ ಊಟ ಬಿಟ್ಟಿರುತ್ತಾರೆ, ಅಷ್ಟೇ. ಹೀಗೇಕೆ? ಹಾಳೆಯಲ್ಲಿ ಯಾವ ಅಂಕಿ ಬರೆಯಬೇಕು?

ಹಿರಿಯರ ವೈದ್ಯ:
ಜ್ವರ ಬರಿಸುವುದು ವೈರಸ್ ಅಲ್ಲ, ಅದರ ಮೇಲೆ ಎದ್ದುನಿಲ್ಲುವ ನಮ್ಮ ದೇಹ. ವಯಸ್ಸಾದಂತೆ ಎದೆಮೂಳೆಯ ಹಿಂದಿನ ಥೈಮಸ್ ಗ್ರಂಥಿ ಕುಗ್ಗಿರುತ್ತದೆ. ಹೊಸ ವೈರಸ್ಸನ್ನು ಗುರುತಿಸುವ ಟಿ ಕೋಶಗಳು ಕಡಿಮೆ, ಮೊದಲ ಕಾವಲಾದ ಇಂಟರ್‌ಫೆರಾನ್ ಏಳುವುದೂ ತಡ. ಹಾಗಾಗಿ ಮೊದಲ ದಿನಗಳು ಸದ್ದಿಲ್ಲದೆ ಕಳೆಯುತ್ತವೆ, ಸೋಂಕು ಶ್ವಾಸಕೋಶಕ್ಕೆ ಇಳಿದ ಮೇಲೆ ಉರಿಯೂತ ಒಮ್ಮೆಲೇ ಜೋರಾಗುತ್ತದೆ.

ಯುವಕರಿಗೆ 100.4 ಡಿಗ್ರಿಯನ್ನು ಜ್ವರ ಎನ್ನುತ್ತೇವೆ. ಹಿರಿಯರಿಗೆ ಬಾಯಿಯ ಥರ್ಮಾಮೀಟರ್ 100 ದಾಟಿದರೇ ಜ್ವರ, ಅಥವಾ ಮಾಮೂಲಿಗಿಂತ 2 ಡಿಗ್ರಿ ಏರಿದರೆ. ದಿನಾಲೂ 97 ಇರುವ ಅಜ್ಜಿಗೆ 99 ಬಂದರೆ ಅದು ಜ್ವರವೇ. ಮಂಡಿನೋವಿಗೆ ದಿನವೂ ಡೋಲೋ ನುಂಗುವವರಲ್ಲಿ ಅದೂ ಕಾಣುವುದಿಲ್ಲ.

ಹಾಳೆಯಲ್ಲಿ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಇರಬೇಕಾದ್ದು ಸನ್ನಿ, ಅಂದರೆ ದಿಢೀರನೆ ಬರುವ ಬುದ್ಧಿಯ ಗೊಂದಲ (ಡೆಲಿರಿಯಂ). ‘ಅರವತ್ತಕ್ಕೆ ಅರಳು ಮರಳು’ ಅಂತ ಮನೆಯವರು ಸುಮ್ಮನಾಗುವುದು ಇಲ್ಲೇ. ಮರೆವು ವರ್ಷಗಟ್ಟಲೆ ಬೆಳೆಯುತ್ತದೆ, ಸನ್ನಿ ಒಂದೆರಡು ದಿನದಲ್ಲಿ ಬರುತ್ತದೆ. ನಿನ್ನೆಯವರೆಗೆ ಸರಿಯಿದ್ದವರು ಇಂದು ಅಂಗಿಯ ಗುಂಡಿ ಮೇಲೆ ಕೆಳಗೆ ಹಾಕಿಕೊಳ್ಳುತ್ತಾರೆ, ಸಂಜೆ ಆರಕ್ಕೆ ಬೆಳಗಿನ ಕಾಫಿ ಕೇಳುತ್ತಾರೆ. ಕೂಗಾಡುವವರಿಗಿಂತ ಸುಮ್ಮನೆ ಮಂಪರಿನಲ್ಲಿ ಮಲಗಿರುವವರೇ ಕಣ್ಣುತಪ್ಪುವುದು. ಶನಿವಾರದಿಂದ ಹಿಂದಕ್ಕೆ ವಾರದ ದಿನಗಳನ್ನು ಹೇಳಿಸಿ. ಮೊದಲು ಹೇಳುತ್ತಿದ್ದವರು ನಡುವೆ ಕಳೆದುಹೋದರೆ ಆ ದಿನವೇ ಪರೀಕ್ಷೆ ಮಾಡಿಸಿ. 2020ರಲ್ಲಿ ಅಮೆರಿಕದ ತುರ್ತು ಚಿಕಿತ್ಸಾ ಘಟಕಗಳಿಗೆ ಬಂದ 65 ದಾಟಿದ ಕೋವಿಡ್ ರೋಗಿಗಳಲ್ಲಿ ಶೇ 28ರಷ್ಟು ಮಂದಿಗೆ ಸನ್ನಿ ಇತ್ತು. ಅವರಲ್ಲಿ ಮೂರರಲ್ಲೊಂದು ಪಾಲಿಗೂ ಹೆಚ್ಚು ಜನರಿಗೆ ಜ್ವರ, ಏದುಸಿರಿನಂಥ ಮಾಮೂಲಿ ಲಕ್ಷಣ ಇರಲಿಲ್ಲ. ಕಾರಣವಿಲ್ಲದೆ ಬೀಳುವುದು, ಊಟ ಬಿಡುವುದು, ಹಾಸಿಗೆಯಲ್ಲೇ ಮೂತ್ರವಾಗುವುದು ಕೂಡ ಇದೇ ಸಾಲಿನವು.

ವಾರ್ಡ್ ಸಿಸ್ಟರ್:
ಅಂಕಿ ಕೇಳಿದಿರಲ್ಲ, ಉಸಿರಿನಿಂದ ಶುರು ಮಾಡಿ. ‘ಉಸಿರು ಎಣಿಸುತ್ತೇನೆ’ ಅಂತ ಹೇಳಿದರೆ ಅವರ ಉಸಿರಿನ ಲಯವೇ ಬದಲಾಗುತ್ತದೆ. ನಾಡಿ ಹಿಡಿದ ಹಾಗೆ ಕೈ ಹಿಡಿದು, ಹೊಟ್ಟೆ ಏರಿಳಿಯುವುದನ್ನು ಪೂರ್ತಿ 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವುದು ಬೇಡ. 24 ಆದರೆ ವೈದ್ಯರಿಗೆ ಫೋನ್, 30 ಆದರೆ ಆಂಬುಲೆನ್ಸ್.

ಆಕ್ಸಿಮೀಟರ್‌ಗೆ ಮೊದಲು 5 ನಿಮಿಷ ಕೂರಿಸಿ, ತಣ್ಣಗಿದ್ದರೆ ಬೆರಳು ಉಜ್ಜಿ ಬೆಚ್ಚಗೆ ಮಾಡಿ. ಉಗುರುಬಣ್ಣ, ಗೋರಂಟಿ ಇಲ್ಲದ ಬೆರಳು ಬೇಕು. ಬಿಪಿ ಪಟ್ಟಿ ಕಟ್ಟಿದ ಕೈ ಬೇಡ. ಅಂಕಿ ನಿಲ್ಲುವ ತನಕ ಕಾಯಿರಿ. ಕಪ್ಪು ಚರ್ಮದವರಿಗೆ ಯಂತ್ರ ಒಂದೆರಡು ಅಂಕಿ ಜಾಸ್ತಿ ತೋರಿಸಬಹುದು, ಆದ್ದರಿಂದ 94ಕ್ಕಿಂತ ಇಳಿಯುವವರೆಗೆ ಕಾಯದೆ ಇಳಿಮುಖವಾಗುವುದನ್ನೇ ನೋಡಿ. ಹಳೆಯ ದಮ್ಮು ಇರುವವರಿಗೆ ಮಾಮೂಲಿಯೇ 92 ಇರಬಹುದು. ಏದುಸಿರಿಲ್ಲದೆಯೂ ಆಮ್ಲಜನಕ ಇಳಿಯುವ ರೋಗ ಇದು. ನಡೆದ ಮೇಲೆ ಆಮ್ಲಜನಕ ಇಳಿಯುತ್ತದೆಯೇ ಅಂತ ನೋಡುವ 6 ನಿಮಿಷದ ನಡಿಗೆ ಪರೀಕ್ಷೆ ಯುವಕರಿಗೆ ಸರಿ. 60 ದಾಟಿದವರಿಗೆ 3 ನಿಮಿಷ ಸಾಕು, ಪಕ್ಕದಲ್ಲಿ ಒಬ್ಬರು ಇರಲೇಬೇಕು. ತಲೆಸುತ್ತು ಇದ್ದವರನ್ನು ನಡೆಸಲೇಬೇಡಿ.

ಔಷಧಿ ಪೆಟ್ಟಿಗೆ:
ಸಿಸ್ಟರ್ ಹೇಳಿದ್ದಕ್ಕೆ ಒಂದು ಸೇರಿಸಬೇಕು. ಬಿಪಿ, ಹೃದಯಕ್ಕೆ ಕೊಡುವ ಅಟೆನೊಲಾಲ್, ಮೆಟೊಪ್ರೊಲಾಲ್ ಮಾತ್ರೆ ತೆಗೆದುಕೊಳ್ಳುವವರ ನಾಡಿ ರೋಗ ಜೋರಾದರೂ ಅಷ್ಟಾಗಿ ಏರುವುದಿಲ್ಲ. 70 ಇದೆ ಅಂತ ಧೈರ್ಯ ಬೇಡ.

ಊಟ ಬಿಟ್ಟು ಭೇದಿಯೂ ಆಗುತ್ತಿದ್ದರೆ ನೀರಿನ ಮಾತ್ರೆ (ಮೂತ್ರ ಹೆಚ್ಚಿಸುವ ಮಾತ್ರೆ), ಬಿಪಿ ಮಾತ್ರೆ, ಸಕ್ಕರೆ ಮಾತ್ರೆಗಳ ಬಗ್ಗೆ ಅದೇ ದಿನ ವೈದ್ಯರನ್ನು ಕೇಳಿ. ಹಳೇ ಪ್ರಮಾಣವೇ ಮುಂದುವರಿದರೆ ಬಿಪಿ, ಸಕ್ಕರೆ ಕುಸಿದು ಬೀಳುತ್ತಾರೆ. 50 ಕಿಲೋಗಿಂತ ಕಡಿಮೆ ತೂಕದ ಹಿರಿಯರಿಗೆ ಪ್ಯಾರಾಸಿಟಮಾಲ್ 500 ಮಿಲಿಗ್ರಾಂ, ವೈದ್ಯರು ಹೇಳದೆ ದಿನಕ್ಕೆ 4 ಮಾತ್ರೆ ದಾಟಬೇಡಿ.

ಸ್ಟಿರಾಯ್ಡ್ ಮನೆಯಲ್ಲಿ ಶುರು ಮಾಡಬೇಡಿ. ಡೆಕ್ಸಾಮೆಥಾಸೋನ್ ದಿನಕ್ಕೆ 6 ಮಿಲಿಗ್ರಾಂ ಪ್ರಾಣ ಉಳಿಸಿದ್ದು ಆಮ್ಲಜನಕ ಬೇಕಾದವರಲ್ಲಿ ಮಾತ್ರ. ಬೇಡದವರಿಗೆ ಲಾಭವಿಲ್ಲ, ಸಕ್ಕರೆ ಏರುತ್ತದೆ; 2021ರಲ್ಲಿ ಕಪ್ಪು ಶಿಲೀಂಧ್ರ ಹಬ್ಬಿದ್ದರಲ್ಲಿ ಇದರ ಪಾಲೂ ಇದೆ. ಕೋವಿಡ್ ವೈರಸ್ ತಡೆಯುವ ಮಾತ್ರೆ ನಿರ್ಮಾಟ್ರೆಲ್ವಿರ್–ರಿಟೊನಾವಿರ್ ಲಕ್ಷಣ ಕಂಡ 5 ದಿನದೊಳಗೆ ಶುರುವಾಗಬೇಕು. ಕೊಲೆಸ್ಟ್ರಾಲ್‌ನ ಸಿಮ್ವಾಸ್ಟಾಟಿನ್, ರಕ್ತ ಹೆಪ್ಪುಗಟ್ಟದಂತೆ ಕೊಡುವ ರಿವರೋಕ್ಸಬಾನ್, ಎದೆಬಡಿತ ಸರಿಪಡಿಸುವ ಅಮಿಯೊಡರೋನ್ ಜೊತೆ ಅದು ಅಪಾಯ, ಕಿಡ್ನಿ ದುರ್ಬಲವಾಗಿದ್ದರೆ ಪ್ರಮಾಣವೂ ಬೇರೆ.

ಮನೆ ಆರೈಕೆ:
ತುಂಬಾ ಉಪಕಾರವಾಯಿತು. ಹಾಗಾದರೆ ‘30ರವರಿಗೆ ಭಯವಿಲ್ಲ’ ಅಂತ ಬರೆಯಬಹುದೇ?

ಹಿರಿಯರ ವೈದ್ಯ:
ಬೇಡ ಮೇಡಂ. ಲಸಿಕೆಗೆ ಮುಂಚಿನ 2020ರ ಅಂದಾಜಿನಂತೆ, ಸೋಂಕು ತಗುಲಿದ 10,000 ಜನರಲ್ಲಿ 25ರ ವಯಸ್ಸಿನವರು ಒಬ್ಬರು, 55ರವರು 40, 75ರವರು 460 ಮಂದಿ ಸಾಯುತ್ತಿದ್ದರು. 2020ರ ಮಾರ್ಚ್‌ನಲ್ಲಿ ಭಾರತದ ಮೊದಲ ಕೋವಿಡ್ ಸಾವು ಆಗಿದ್ದು ಕಲಬುರಗಿಯ 76 ವರ್ಷದ, ಆಸ್ತಮಾ, ಬಿಪಿ ಇದ್ದವರಲ್ಲಿ. ಆದರೆ ಬೊಜ್ಜು, ಸಕ್ಕರೆ ಇರುವ 35ರವರು ಆ ಒಬ್ಬರ ಲೆಕ್ಕಕ್ಕೆ ಸೇರುವುದಿಲ್ಲ. ತಿಂಗಳುಗಟ್ಟಲೆ ಎಳೆಯುವ ಸುಸ್ತು ನಡುವಯಸ್ಸಿನವರನ್ನೇ ಹೆಚ್ಚು ಕಾಡುತ್ತದೆ. ಗುಣವಾದ ಮೇಲೆ ಎದೆನೋವು, ಎದೆಬಡಿತ ಇದ್ದರೆ ಜಿಮ್‌ಗೆ ಹೋಗುವ ಮೊದಲು ಇಸಿಜಿ ಮಾಡಿಸಲಿ.

ವಾರ್ಡ್ ಸಿಸ್ಟರ್:
ಹಾಳೆಯ ಮೇಲ್ತುದಿಯಲ್ಲಿ ನಾಲ್ಕು ಖಾಲಿ ಜಾಗ ಬಿಡಿ: ಮಾಮೂಲಿ ತಾಪ, ಮಾಮೂಲಿ ಆಮ್ಲಜನಕ, ಮಾಮೂಲಿ ಉಸಿರು, ನುಂಗುವ ಮಾತ್ರೆಗಳ ಹೆಸರು. ಹುಷಾರಾಗಿರುವಾಗಲೇ ಮೂರು ದಿನ ನೋಡಿ ಪೆನ್ಸಿಲ್‌ನಲ್ಲಿ ತುಂಬಿಸಲಿ.