ಸಹಾಯ ಬೇಕು: ‘ನವಿರು’ ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು?

ಶಿರಸಿ ಸೀಮೆಯ ಅಡುಗೆ ಪದಗಳ ಪಟ್ಟಿಗೆ ‘ನವಿರು’ ಪದದ ವಿವರಣೆ ಬೇಕಾಗಿದೆ. ಹಳಗನ್ನಡದಲ್ಲಿ ನವಿರು ಅಂದರೆ ಕೂದಲು, ರೋಮ; ಮೈ ನವಿರೇಳುವುದು ಅಲ್ಲಿಂದಲೇ. ಈಗ ನವಿರಾದ ಹಾಸ್ಯ, ನವಿರಾದ ಎಳೆ ಅನ್ನುತ್ತೇವೆ: ಸೂಕ್ಷ್ಮ, ಮೃದು ಎರಡೂ ಸೇರಿದ ಅರ್ಥ. ಬಣ್ಣ, ಬೆಳಕು ಮಸುಕಾಗಿದ್ದರೆ ಅದು ‘ನಸು’ವಿನ ಕೆಲಸ. ನಸುಗೆಂಪು, ನಸುಗತ್ತಲೆ. ಅಲ್ಲಿ ಕಕಾರ ಗಕಾರವಾಗಬೇಕು, ‘ನಸುಕೆಂಪು’ ಕಿವಿಗೆ ಚುಚ್ಚುತ್ತದೆ. ‘ನವಿರು ಕೆಂಪು’ ಜಾಹೀರಾತಿಗೆ ಸರಿ, ಪದಪಟ್ಟಿಗಲ್ಲ.

ತೊಡಕು ತೊಡದೇವು ಎಂಬ ಸಿಹಿತಿಂಡಿಯದು. ಬೋರಲು ಮಡಕೆಯ ಕಾದ ಬೆನ್ನಿನ ಮೇಲೆ, ಕಬ್ಬಿನ ಹಾಲು ಬೆರೆಸಿದ ಅಕ್ಕಿ ಹಿಟ್ಟನ್ನು ಬಟ್ಟೆ ಸುತ್ತಿದ ಕೋಲಿನಿಂದ ಎಳೆದಾಗ ಏಳುವ ಹಾಳೆ, ಹಿಡಿದ ಬೆರಳು ಆಚೆಯಿಂದ ಕಾಣುವಷ್ಟು ತೆಳು. ಹಿಟ್ಟು ದಪ್ಪವಾದರೆ ಆ ಗುಣವೇ ಹೋಯಿತು. ಆದರೆ ‘ತೆಳು’ ದಪ್ಪವನ್ನಷ್ಟೇ ಅಳೆಯುತ್ತದೆ (ತೆಳ್ಳೇವು ಎಂಬ ತೆಳುದೋಸೆಗೆ ಅದು ಸಾಕು). ಮುಟ್ಟಿದರೆ ಮುರಿಯುವುದನ್ನು ಹೇಳುವುದಿಲ್ಲ. ‘ನವಿರು’ ಅಂದರೆ ಓದುವವರು ಮೆತ್ತಗಿದೆ ಅಂದುಕೊಳ್ಳುತ್ತಾರೆ, ಇದೋ ಗರಿಗರಿ.

ಕುಮಟಾ, ಅಂಕೋಲಾ, ಕಾರವಾರದ ಕಡೆ ಇಂಥದ್ದಕ್ಕೆ ಆಡುಮಾತಿನಲ್ಲಿ ಏನನ್ನುತ್ತೀರಿ? ಪದ ಒಂದನ್ನೇ ಹೇಳಿ ಬಿಡಬೇಡಿ, ಮನೆಯಲ್ಲಿ ಬಳಸುವ ಒಂದು ವಾಕ್ಯವನ್ನೂ ಹಾಕಿ.