ಸಹಾಯ ಬೇಕು: ವೀಕ್ಷಣಾ ಬಾವಿಯ ಕೆಂಪು ನೀರು ತಿಳಿಯಾಗುತ್ತಿಲ್ಲ

ನಮಸ್ಕಾರ್ರಿ ಎಲ್ಲರಿಗೂ. ಬಸವನ ಬಾಗೇವಾಡಿ ಕಡೆ ಕರಿಕಲ್ಲಿನಲ್ಲಿ (ಬಸಾಲ್ಟ್) ಅಂತರ್ಜಲ ಗಮನಿಸಲು ಹಾಕಿದ ಮೂರು ವೀಕ್ಷಣಾ ಕೊಳವೆಬಾವಿಗಳಲ್ಲಿ ಎರಡು ತಿಳಿಯಾದವು, ಮೂರನೆಯದು ಹಟ ಹಿಡಿದಿದೆ.

ಆಳ 60 ಮೀಟರ್, 100 ಮಿ.ಮೀ. ಒಳವ್ಯಾಸದ ಪಿವಿಸಿ ಕೇಸಿಂಗ್, 42ರಿಂದ 54 ಮೀಟರ್‌ವರೆಗೆ ನೀರು ಒಳಬರಲು ಸೀಳುಗಳಿರುವ ಸ್ಲಾಟ್ ಪೈಪು, ಸುತ್ತ ಸಣ್ಣ ಜಲ್ಲಿ, ಅದರ ಮೇಲೆ ಮೇಲಿನ ನೀರು ಇಳಿಯದಂತೆ ಬೆಂಟೋನೈಟ್ ಜೇಡಿ. ನೀರು ಮೇಲಿನಿಂದ 18 ಮೀಟರ್ ಆಳದಲ್ಲಿ ನಿಲ್ಲುತ್ತದೆ, ಅಂದರೆ ಪೈಪಿನೊಳಗೆ ಸುಮಾರು 330 ಲೀಟರ್. ಕಂಪ್ರೆಸರ್ ಹಚ್ಚಿ ಅದರ ಹತ್ತು ಪಟ್ಟು ಹೊರಹಾಕಿಯಾಯಿತು. ಪಿಎಚ್, ವಾಹಕತೆ ಸ್ಥಿರವಾಗಿವೆ. ರಾಡಿ ಮಾತ್ರ 60 ಎನ್‌ಟಿಯುಗಿಂತ (ನೀರಿನ ಕದಡು ಅಳೆಯುವ ಮಾನ) ಕೆಳಗಿಳಿಯುತ್ತಿಲ್ಲ. ಬಕೆಟ್ಟಿನ ತಳದಲ್ಲಿ ಕುಂಕುಮದಂಥ ನುಣುಪು ಮಣ್ಣು ಕೂಡುತ್ತದೆ. ಎರಡು ಲಾವಾ ಪದರಗಳ ನಡುವಿನ ಕೆಮ್ಮಣ್ಣು ಸ್ಲಾಟಿಗೆ ಎದುರಾಗಿದೆ ಎಂಬ ಗುಮಾನಿ. ಹಾಗಿದ್ದರೆ ಸರ್ಜ್ ಬ್ಲಾಕ್ (ಪೈಪಿನೊಳಗೆ ಮೇಲೆ ಕೆಳಗೆ ಆಡಿಸಿ ನೀರನ್ನು ತಳ್ಳಿ ಎಳೆಯುವ ಬಿರಡೆ) ಆಡಿಸಿದಷ್ಟೂ ಮಣ್ಣು ಒಳಬಂದೀತಲ್ಲ? ಸಣ್ಣ ಪಂಪಿನಿಂದ ನಿಧಾನ ಎಳೆಯುವುದೇ ಲೇಸೇ?

ಇನ್ನೊಂದು ತಕರಾರು ಲೆವೆಲಿಂಗಿನದು. ಕೇಸಿಂಗ್ ತುದಿಗಳ ಮಟ್ಟಕ್ಕಾಗಿ ಆಟೋ ಲೆವೆಲ್‌ನಲ್ಲಿ (ಎತ್ತರ ಅಳೆಯುವ ದೂರದರ್ಶಕ) 1.6 ಕಿ.ಮೀ. ಸುತ್ತಿ ಹೊರಟ ಜಾಗಕ್ಕೇ ಬಂದರೆ 22 ಮಿ.ಮೀ. ವ್ಯತ್ಯಾಸ. 12√ಕಿ.ಮೀ. ಲೆಕ್ಕದಲ್ಲಿ (ಕಿ.ಮೀ. ದೂರದ ವರ್ಗಮೂಲದ 12 ಪಟ್ಟು) 15 ಮಿ.ಮೀ. ದಾಟಬಾರದು. ಬಾವಿ ಬಾವಿಗಳ ನೀರಿನ ಮಟ್ಟದ ಅಂತರವೇ 10 ಸೆಂ.ಮೀ. ಇರುವಾಗ ತಪ್ಪನ್ನು ಹಂಚಿಬಿಡಲು ಮನಸ್ಸಿಲ್ಲ. ಹಸಿ ಎರೆಮಣ್ಣಿನಲ್ಲಿ ಸ್ಟಾಫ್ (ಅಳತೆ ಕೋಲು) ಕುಸಿದಿರಬಹುದು. ತಿರುವು ಬಿಂದುಗಳಿಗೆ (ಲೆವೆಲ್ ಜಾಗ ಬದಲಿಸುವಾಗ ಸ್ಟಾಫ್ ಅಲುಗದೆ ನಿಲ್ಲಬೇಕಾದ ತಾಣ) ಕಬ್ಬಿಣದ ಫೂಟ್ ಪ್ಲೇಟ್ ಸಾಕೇ, ಗೂಟವೇ ಹೊಡೆಯಬೇಕೇ? ಎರೆ ಹೊಲದಲ್ಲಿ ಲೆವೆಲ್ ಹಿಡಿದವರು ತಿಳಿಸಿರಿ.